ಮಾವನ ಮಿರ್ಚಿ ಬಂಡಿ ಮತ್ತು ಆರಡಿ ಪರವಾನಗಿ

ನಮ್ಮ ಸೋದರಮಾವ ಯಮ ಬಂದು ಕರೆದರೂ "ಅರ್ಜಿ ಕೊಟ್ಟೀನ್ರಿ, ಮಂಜೂರಾದ ಕೂಡ್ಲೆ ಬರ್ತೀನಿ" ಎನ್ನುವಂಥ ಆಸಾಮಿ! ಉತ್ಪ್ರೇಕ್ಷೆ ಅನ್ನಬೇಡಿ. ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಅವನು ಖಾಲಿ ಸೀಟಿನ ಪಕ್ಕದಲ್ಲೇ ಗಬ್ಬೂರಿನವರೆಗೂ ನಿಂತು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾಕಂತೀರಿ? ಕಿಟಕಿಯ ಪಕ್ಕ ಕೂತಿದ್ದವರಿಗೆ ನಿದ್ದೆ ಹತ್ತಿತ್ತು. "ಕುಂದ್ರಲೇನ್ರಿ?" ಎಂದು ಕೇಳಬೇಕೆಂದರೆ ಅವರು ಏಳಬೇಕಲ್ಲ! ಮದುವೆಯಲ್ಲಿ ತಾಳಿ ಹಿಡಿದುಕೊಂಡು "ಕಟ್ಟಲೇನು?" ಎಂದು ಅತ್ತೆಯನ್ನೇ ಕೇಳಿದ್ದನಂತೆ. "ನಾ ಬ್ಯಾಡ ಅಂದಿದ್ರ ಹಂಗೇ ಎದ್ದು ಊರಿಗೆ ಹೋಗತಿದ್ದ" ಎಂದು ಅತ್ತೆ ಆಗಾಗ ಹೇಳಿ ನಗುತ್ತಿದ್ದಳು.

ಇಂಥವನಿಗೆ ಬೀದಿ ವ್ಯಾಪಾರ ಮಾಡುವ ಗತಿ ಬಂತು. ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತು ಹೊತ್ತು ಮಾವನ ನಡ ಹಿಡಿದುಬಿಟ್ಟಿತ್ತು. ರಾಯಚೂರಿಗೆ ಬಂದಮೇಲೆ ಅತ್ತೆ ಹತ್ತಿ ಮಿಲ್ಲಿಗೆ ಕೂಲಿಗೆ ಹೋಗತೊಡಗಿದಳು. ಅವಳೊಬ್ಬಳ ದುಡಿಮೆಯಲ್ಲೇ ಮನೆ ನಡೆಯಬೇಕು. ನಾನು ಆಗ ಗಿಲ್ಲೆಸುಗೂರಿನಲ್ಲಿ ಹೊಸದಾಗಿ ಮಾಸ್ತರನಾಗಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾ ರಾಯಚೂರಿನ ಅವರ ಮನೆಯಲ್ಲೇ ಇದ್ದೆ. ಮಾವನಿಗೆ ಚೀಲ ಹೊರುವುದು ಬಿಟ್ಟರೆ ಬರುತ್ತಿದ್ದದ್ದು ಒಂದೇ ವಿದ್ಯೆ, ಮಿರ್ಚಿ ಬಜ್ಜಿ ಕರಿಯುವುದು. ಆದರೆ ಏನು ಮಿರ್ಚಿ ಅಂತೀರಿ! ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕೈ ಇನ್ನೊಂದಕ್ಕೆ ಹೋಗುತ್ತಿತ್ತು. ಹಳೇ ಚಕ್ರ ಹುಡುಕಿ ಒಂದು ಬಂಡಿ ಮಾಡಿಸಿ, ಹಸಿರು ಬಣ್ಣ ಬಳಿದ.

ಬಸ್ ಸ್ಟ್ಯಾಂಡಿನ ಎದುರು ಬಾಳೆಹಣ್ಣು ಮಾರುವವನು ವ್ಯಾಪಾರದ ಗುಟ್ಟು ಹೇಳಿಕೊಟ್ಟ. "ಬಂಡಿ ಹಚ್ಚು, ಮಾರು. ಬಂಡಿ ಎತ್ತಿಸೋರ ಜೀಪ್ ಬಂತಂದ್ರ ಗಲ್ಲಿಯಾಗ ಓಡು. ಜೀಪ್ ಹೋತಂದ್ರ ತಿರುಗಿ ಬಾ. ಇದರಾಗ ಕಲಿಯೋದೇನದ?"

"ಓಡಾಕ ನನಗ ನಡ ಎಲ್ಲದಪ?" ಎಂದ ಮಾವ. "ನನಗ ಪರವಾನಿಗಿನೇ ಬೇಕು. ಯಾರೂ ನನ್ನ ಏಳು ಅನಬಾರದು."

ನಾನೇ ಅರ್ಜಿ ಬರೆದುಕೊಟ್ಟೆ. ಪರವಾನಗಿ ಕೊಡುವ ಕಚೇರಿಯ ಹೆಸರು ಬೇಡ ಬಿಡಿ. ಅಲ್ಲಿನ ಗುಮಾಸ್ತರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮಾವನ ಮುಖ ನೋಡಿದರು.

"ಇಲ್ಲೀತನ ಯಾರೂ ಕೇಳೇ ಇಲ್ಲಲ್ಲೋ ಯಪ್ಪಾ! ಇದನ್ನ ಯಾವ ಫೈಲಿನ್ಯಾಗ ಹಾಕ್ಲಿ?"

ಕೊನೆಗೆ ಅದು ನಾಯಿ ಸಾಕುವವರ ಫೈಲು ಸೇರಿತು. ಆರು ತಿಂಗಳಾದ ಮೇಲೆ ಕಾಗದ ಬಂತು: "ತಮ್ಮ ನಾಯಿಯ ಬಣ್ಣ ತಿಳಿಸತಕ್ಕದ್ದು." ಬೇರೆ ಯಾರಾದರೂ ಆಗಿದ್ದರೆ ಹರಿದು ಬಿಸಾಕುತ್ತಿದ್ದರು. ಮಾವ ನನ್ನನ್ನು ಕೂರಿಸಿ ಉತ್ತರ ಬರೆಸಿದ: "ನಾಯಿ ಇಲ್ಲ. ಬಂಡಿಯ ಬಣ್ಣ ಹಸಿರು."

ಅಂತೂ ಒಂದೂವರೆ ವರ್ಷಕ್ಕೆ ಫೈಲು ಸರಿದಾರಿಗೆ ಬಂತು. ಈಗ ಇನ್ನೊಂದು ತೊಡಕು. ಅಂಗಡಿ ನಡೆಯುವುದನ್ನು ಕಣ್ಣಾರೆ ನೋಡದೆ ಕಚೇರಿಯ ಸಾಹೇಬರು ಸಹಿ ಮಾಡುವಂತಿಲ್ಲ. ಸಹಿ ಇಲ್ಲದೆ ಮಾವ ಒಲೆ ಹೊತ್ತಿಸುವಂತಿಲ್ಲ! ಸಾಹೇಬರು ಬಂದು, ಬಸ್ ಸ್ಟ್ಯಾಂಡಿನ ಎದುರು ಮಾವ ಜಾಗ ಕೇಳಿದ್ದ ಬೇವಿನ ಮರದ ಕೆಳಗೆ ನಿಂತರು. "ಹಚ್ಚಪ ಒಲಿ" ಎಂದರು.

"ಪರವಾನಿಗಿ ಇಲ್ದ ಹೆಂಗ ಹಚ್ಲಿರಿ?"

"ನಾನೇ ಹೇಳಾಕತ್ತೀನಲ್ಲೋ!"

"ಬಾಯಿಲೆ ಹೇಳಿದ್ರ ನಡೀತದೇನ್ರಿ?"

ಸಾಹೇಬರು ಹಣೆ ಚಚ್ಚಿಕೊಂಡರು. ಆಗ ಮಾವ ಒಂದು ಉಪಾಯ ಮಾಡಿದ. ಖಾಲಿ ಬೋಗುಣಿಯಲ್ಲಿ ಹಿಟ್ಟು ಕಲಸಿದ ಹಾಗೆ ಮಾಡಿದ. ಇಲ್ಲದ ಮೆಣಸಿನಕಾಯಿಯನ್ನು ಅದರಲ್ಲಿ ಅದ್ದಿ, ತಣ್ಣಗಿದ್ದ ಕಡಾಯಿಗೆ ಬಿಟ್ಟ. ಝಾರಿ ಸೌಟಿನಿಂದ ಮಗುಚಿದ, ಎತ್ತಿದ, ಎಣ್ಣೆ ಬಸಿದ. ನಡುವೆ ತಲೆ ಎತ್ತಿ, "ಹಿಂದ ಸರೀರಿ ಸಾಹೇಬ್ರ, ಎಣ್ಣಿ ಸಿಡೀತದ!" ಎಂದ.

ಸಾಹೇಬರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು! ಸುತ್ತ ನೆರೆದಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೂ ನಕ್ಕು ಅಲ್ಲೇ ಬಂಡಿಯ ಮೇಲೆ ಕಾಗದ ಇಟ್ಟು ಸಹಿ ಹಾಕಿದರು.

ಪರವಾನಗಿಯಲ್ಲಿ ಸಿಕ್ಕಿದ್ದು ಆರಡಿ ಉದ್ದ, ನಾಲ್ಕಡಿ ಅಗಲ. ಬಂಡಿ ನಿಲ್ಲುವಷ್ಟೇ ಜಾಗ. ಮಾವ ದಿನಾ ಬೆಳಿಗ್ಗೆ ಸುಣ್ಣದಲ್ಲಿ ಗೆರೆ ಎಳೆದು ಅದರೊಳಗೆ ಬಂಡಿ ನಿಲ್ಲಿಸುತ್ತಿದ್ದ. ಚಕ್ರ ಗೆರೆ ದಾಟಿದರೆ ಅವನಿಗೆ ಸಮಾಧಾನವಿಲ್ಲ. ವ್ಯಾಪಾರವೂ ಕುದುರಿತು. ಮಿಲ್ಲಿನಲ್ಲಿ ಸಂಜೆಯ ಹೆಚ್ಚಿನ ಕೂಲಿ ಬಿಡಬಹುದೆಂದು ಅತ್ತೆ ಲೆಕ್ಕ ಹಾಕತೊಡಗಿದಳು.

ಎರಡು ತಿಂಗಳೂ ಆಗಿರಲಿಲ್ಲ. ಒಂದು ಸಂಜೆ ನಾನು ಬಸ್ಸಿಳಿದು ಮಾವನ ಬಂಡಿಯ ಕಡೆ ಬರುತ್ತಿದ್ದೆ. "ಜೀಪ್ ಬಂತಲೇ!" ಎಂದು ಯಾರೋ ಕೂಗಿದರು. ಬಾಳೆಹಣ್ಣಿನವನು ಗಲ್ಲಿಗೆ ನುಗ್ಗಿದ, ಕನ್ನಡಿ ಬಾಚಣಿಗೆಯವನೂ ನುಗ್ಗಿದ. ಮಾವನ ಪಕ್ಕದಲ್ಲಿ ಜಾಲಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು, ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ಬುಟ್ಟಿ ಎತ್ತಬೇಕೋ ಕೂಸನ್ನು ಎತ್ತಬೇಕೋ ತಿಳಿಯದೆ ಅಳತೊಡಗಿದಳು.

ಮಾವ ತನ್ನ ಬಂಡಿಯನ್ನು ರಸ್ತೆಗೆ ತಳ್ಳಿದ. ಅವಳ ಬುಟ್ಟಿಯನ್ನು ಗೆರೆಯೊಳಗೆ ಎಳೆದುಕೊಂಡ. "ಇಲ್ಲಿ ಕುಂದ್ರು ಯವ್ವಾ. ಏಳಬ್ಯಾಡ" ಎಂದ.

ಜೀಪಿನವರು ಇಳಿದರು. ಮಾವ ಕಾಗದ ತೋರಿಸಿದ. "ಈ ಜಾಗ ನಂದ್ರಿ. ಈಕಿ ನಮ್ಮ ತಂಗಿ."

"ಮತ್ತ ಆ ಬಂಡಿ ಯಾರದು, ರಸ್ತೆದಾಗ ನಿಂತದಲ್ಲ?"

"ಅದೂ ನಂದ ರೀ. ತಪ್ಪಾಗ್ಯಾದ. ಒಯ್ರಿ."

ಒಯ್ದರು. ಹಸಿರು ಬಂಡಿ ಜೀಪಿನ ಹಿಂದಿದ್ದ ಲಾರಿ ಏರಿತು.

ಮನೆಗೆ ಬಂದಮೇಲೆ ನಾನು ಸಿಟ್ಟು ತಡೆಯಲಾರದೆ ಕೂಗಾಡಿದೆ. "ಮಾವ, ಒಂದೂವರಿ ವರ್ಷ ತಿರುಗಿ ತಂದ ಜಾಗ ಅದು! ಈಗ ಬಂಡಿ ಇಲ್ದ ಏನು ಮಾಡ್ತಿ? ಆಕಿ ಯಾರು ನಿನಗ?"

"ಯಾರಿಗ್ಗೊತ್ತಪ" ಎಂದ ಮಾವ, ನಡ ಒತ್ತಿಕೊಳ್ಳುತ್ತಾ. "ಹೆಸರು ಕೇಳಾಕ ಹೊತ್ತೆಲ್ಲಿತ್ತು? ಕೂಸು ಹಾಲು ಕುಡ್ಯಾಕತ್ತಿತ್ತು. ಅಂಥಾ ಹೊತ್ತಿನ್ಯಾಗ ತಾಯಿನ ಎಬ್ಬಸ್ತಾರೇನು?"

ಅತ್ತೆ ಬಿಸಿ ರೊಟ್ಟಿ ಅವನ ತಾಟಿಗೆ ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಮರುದಿನ ಮಿಲ್ಲಿಗೆ ಉಟ್ಟು ಹೋಗುವ ಹಳೆಯ ಸೀರೆ ಮಡಚತೊಡಗಿದಳು.

ನನಗೆ ನಾಚಿಕೆಯಾಯಿತು. ಬಂಡಿ ಬಿಡಿಸಿಕೊಳ್ಳಲು ಅರ್ಜಿ ಬರೆಯಬೇಕಿತ್ತು. ಕಾಗದ ಹಿಡಿದು ಕೂತೆ. "ಮೇಲ್ಕಂಡ ಅರ್ಜಿದಾರನು ಬಹಳ ಒಳ್ಳೆಯ ಮನುಷ್ಯನಿರುತ್ತಾನೆ" ಎಂದು ಬರೆದೆ. ಮುಂದಿನ ಸಾಲು ಬರೆಯಲು ನೋಡಿದರೆ ಅಕ್ಷರವೇ ಕಾಣಿಸಲಿಲ್ಲ.