ಸದ್ದೇ ಇಲ್ಲದ ಟೈರುಗಳು

ಹಿಂದಿನ ಕಾಲದ ವೀರರು ಊರೊಳಗೆ ಕಾಲಿಡುವ ಮುಂಚೆ ಶಂಖ ಊದಿಸುತ್ತಿದ್ದರಂತೆ. ವಯೋಮಿಂಗ್‌ನ ಡ್ರೈ ಫೋರ್ಕ್ ಊರಿನ ಡೆಲ್ಬರ್ಟ್‌ಗೆ ಆ ಖರ್ಚಿರಲಿಲ್ಲ. ಅವನ ಪಿಕಪ್ ಟ್ರಕ್ಕಿನ ಹೊಸ ಟೈರುಗಳೇ ಆ ಕೆಲಸ ನೋಡಿಕೊಳ್ಳುತ್ತಿದ್ದವು. ಕೆಸರು, ಕಲ್ಲು, ಹಿಮ ಯಾವುದನ್ನೂ ಕಚ್ಚಿ ಹಿಡಿಯಬಲ್ಲ, ಭಾರಿ ಹಲ್ಲುಗಳ ಟೈರುಗಳು. ಡಾಂಬರು ರಸ್ತೆಗೆ ಬಂದರೆ ಮಾತ್ರ ಸಾವಿರ ದುಂಬಿಗಳನ್ನು ಒಂದೇ ಗಡಿಗೆಗೆ ತುಂಬಿ ಬಾಯಿ ಕಟ್ಟಿದಂಥ ಮೊರೆತ. ಅವನಿನ್ನೂ ದಿಬ್ಬದಾಚೆ ಇರುವಾಗಲೇ ಪೆಟ್ರೋಲ್ ಬಂಕಿನ ನಾಯಿ ಬೆಂಚಿನಡಿ ಸೇರುತ್ತಿತ್ತು. ಆಲಿಕಲ್ಲು ಮಳೆ ಬಂತೆಂದು ಹೆಂಗಸರು ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡಿದ್ದೂ ಉಂಟು.

ಇದನ್ನು ಒಪ್ಪದವನು ಊರಿಗೆಲ್ಲ ಒಬ್ಬನೇ, ಡೆಲ್ಬರ್ಟ್. ಕಾಫಿ ಅಂಗಡಿಯ ಗೆಳೆಯರು ಛೇಡಿಸಿದಾಗ ಟೋಪಿ ತೆಗೆದು ಮೇಜಿನ ಮೇಲಿಟ್ಟು ಪ್ರತಿಜ್ಞೆಯನ್ನೇ ಮಾಡಿಬಿಟ್ಟ. ಈ ಟೈರುಗಳು ಸದ್ದು ಮಾಡುತ್ತವೆ ಎಂಬ ಮಾತು ತನ್ನ ಬಾಯಿಂದ ಬಂದ ದಿನ ಟ್ರಕ್ಕು ಬಿಟ್ಟು ಕತ್ತೆ ಏರುತ್ತೇನೆ ಎಂದ.

ಪ್ರತಿಜ್ಞೆ ಮಾಡುವುದು ಸುಲಭ. ಟ್ರಕ್ಕಿನಲ್ಲಿ ಪಕ್ಕದಲ್ಲಿ ಕೂತ ಹೆಂಡತಿ ರೋಂಡಾ ಏನಾದರೂ ಹೇಳಿದಾಗ "ಏನು?" ಎಂದು ಕೇಳುವ ಹಾಗಿಲ್ಲವಲ್ಲ! ಕೇಳಿದರೆ ಸೋತಂತೆ. ಹೀಗಾಗಿ ಡೆಲ್ಬರ್ಟ್ ಹೊಸದೊಂದು ವಿದ್ಯೆ ಕಲಿತ. ಓರೆಗಣ್ಣಿನಲ್ಲಿ ಅವಳ ಮುಖ ನೋಡುವುದು. ತುಟಿಯಂಚು ಮೇಲೇರಿದರೆ ತಾನೂ ನಗುವುದು, ಹುಬ್ಬು ಕೂಡಿಕೊಂಡರೆ ನಿಟ್ಟುಸಿರು ಬಿಡುವುದು, ಏನೂ ತಿಳಿಯದಿದ್ದರೆ "ಅದೂ ಸರಿಯೇ" ಎನ್ನುವುದು. ಈ ವಿದ್ಯೆಯ ಬಲದಿಂದ ಇಡೀ ಚಳಿಗಾಲ ದಾಟಿತು. ನಡುವೆ ಒಂದು ಸಂಜೆ ಮನೆಗೆ ಬಂದರೆ ಮಲಗುವ ಕೋಣೆಗೆ ನೇರಳೆ ಬಣ್ಣ ಬಳಿದಾಗಿತ್ತು. ಟ್ರಕ್ಕಿನಲ್ಲಿ ಕೇಳಿದಾಗ ನೀನೇ ಒಪ್ಪಿದ್ದೆಯಲ್ಲ ಎಂದಳು ರೋಂಡಾ. ನೇರಳೆ ತನಗೆ ಮೊದಲಿನಿಂದಲೂ ಇಷ್ಟ ಎಂದು ವೀರ ಗೋಡೆ ಕಡೆ ತಿರುಗಿ ಮಲಗಿದ.

ವಸಂತ ಬರುವ ಹೊತ್ತಿಗೆ ರೋಂಡಾಳ ಸೋದರತ್ತೆ ಓಪಲ್ ಅವರ ಗಂಡ ಕ್ಲೈಡ್ ತೀರಿಕೊಂಡರು. ಚರ್ಚು ಇದ್ದದ್ದು ಒಂದು ಗಂಟೆ ದಾರಿಯ ಪಟ್ಟಣದಲ್ಲಿ. ಅತ್ತೆಯನ್ನು ತನ್ನ ಕಾರಿನಲ್ಲಿ ಕೂರಿಸಿಕೊಳ್ಳುತ್ತೇನೆ ಎಂದಳು ರೋಂಡಾ. ಆ ಕಾರಿನ ತುಂಬ ಆಗಲೇ ಪ್ರಾರ್ಥನೆಯ ನಂತರದ ಸಾವಿನ ಊಟಕ್ಕೆಂದು ಆಲೂಗಡ್ಡೆ ತಟ್ಟೆಗಳು, ಹಂದಿಮಾಂಸದ ಬ್ರೆಡ್ಡುಗಳು.

"ಮಾವನ್ನ ಕಳಿಸೋಕೆ ಹೋಗೋ ದಿನ ಅತ್ತೆ ತೊಡೆ ಮೇಲೆ ಆಲೂಗಡ್ಡೆ ಇಟ್ಕೊಂಡು ಹೋಗೋದಾ? ಮರ್ಯಾದೆ ಬೇಡ್ವಾ? ನನ್ನ ಟ್ರಕ್ಕಲ್ಲಿ ರಾಣಿ ಥರ ಕರ್ಕೊಂಡು ಬರ್ತೀನಿ," ಎಂದ ಡೆಲ್ಬರ್ಟ್.

"ನಿನ್ನ ಟ್ರಕ್ಕಲ್ಲಿ ಕೂತ್ರೆ ಸತ್ತೋರೂ ಎದ್ದು ಕಿಟಕಿ ಮುಚ್ಚೋ ಅಂತಾರೆ," ಎಂದಳು ರೋಂಡಾ.

ಓಪಲ್ ಅತ್ತೆಯದು ಪಿಸುಮಾತಿನಂಥ ದನಿ. ಜೀವನವಿಡೀ ಪಕ್ಕದಲ್ಲೇ ಕೂತಿರುತ್ತಿದ್ದ ಗಂಡನ ಜೊತೆ ಮಾತಾಡಲು ಅದಕ್ಕಿಂತ ದೊಡ್ಡದು ಬೇಕಾಗಿರಲಿಲ್ಲ. ಹೆದ್ದಾರಿಗೆ ಬಂದದ್ದೇ ಆಕೆ ಡೆಲ್ಬರ್ಟ್‌ನ ತೋಳು ಮುಟ್ಟಿ ಏನೋ ಕೇಳಿದರು, ಉತ್ತರಕ್ಕೆ ಕಾದರು. ದುಂಬಿಗಳು ಮೊರೆಯುತ್ತಿದ್ದವು.

"ಖಂಡಿತ ಅತ್ತೆ. ನೀವು ಕೇಳೋದು ಹೆಚ್ಚಾ?" ಎಂದ ಡೆಲ್ಬರ್ಟ್.

ಅತ್ತೆಯ ಕಣ್ಣು ತುಂಬಿ ಬಂತು. ಆಮೇಲೆ ಮಾತು ಶುರುವಾದದ್ದು ಚರ್ಚಿನ ಬಾಗಿಲವರೆಗೂ ನಿಲ್ಲಲಿಲ್ಲ. ಡೆಲ್ಬರ್ಟ್‌ನ ವಿದ್ಯೆ ಅಂದು ಅರಳಿದಂತೆ ಎಂದೂ ಅರಳಿರಲಿಲ್ಲ. ಆಕೆ ಕರವಸ್ತ್ರ ತೆಗೆದರೆ ಇವನು ತಲೆ ಅಲ್ಲಾಡಿಸಿದ, ಆಕೆಯ ಮುಖ ಅರಳಿದರೆ ಸ್ಟೀರಿಂಗ್ ಬಡಿದು ನಕ್ಕ. ಇಳಿಯುವಾಗ ಅತ್ತೆ ಅವನ ಕೈ ಹಿಡಿದುಕೊಂಡು, ನಿನ್ನ ಹಾಗೆ ಕೇಳಿಸಿಕೊಳ್ಳೋರು ಯಾರಿದ್ದಾರಪ್ಪ ಎಂದರು. ಎಂಜಿನ್ ನಿಂತಿದ್ದರಿಂದ ಆ ಒಂದು ಮಾತು ಸ್ಪಷ್ಟವಾಗಿ ಕೇಳಿಸಿತು. ಅವನು ತನ್ನ ಕಾರಿನಿಂದ ಇಳಿಯುತ್ತಿದ್ದ ರೋಂಡಾಳ ಕಡೆ ಗೆದ್ದ ನೋಟವೊಂದನ್ನು ಎಸೆದು ಒಳಗೆ ನಡೆದ.

ಪ್ರಾರ್ಥನೆ ಮುಗಿಯಿತು. ಪಾದ್ರಿ ಆ ಪಟ್ಟಣಕ್ಕೆ ಹೊಸಬರು. ತನಗೆ ಕ್ಲೈಡ್ ಅವರ ಪರಿಚಯವಿರಲಿಲ್ಲ, ಓಪಲ್ ಅವರಿಗೆ ಎದ್ದು ಮಾತಾಡುವ ಧೈರ್ಯವಿಲ್ಲ, ಆದ್ದರಿಂದ ಅವರು ದಾರಿಯುದ್ದಕ್ಕೂ ಹೇಳಿಕೊಂಡ ನೆನಪುಗಳನ್ನು ಡೆಲ್ಬರ್ಟ್ ಈಗ ನಮ್ಮೆಲ್ಲರಿಗೂ ಹೇಳುತ್ತಾರೆ, ಹಾಗೆಂದು ದಾರಿಯಲ್ಲೇ ಅವರಿಗೆ ಮಾತು ಕೊಟ್ಟಿದ್ದಾರಂತೆ ಎಂದರು.

ಬೆಂಚಿನಿಂದ ವೇದಿಕೆಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಡೆಲ್ಬರ್ಟ್‌ಗೆ ವಯೋಮಿಂಗ್ ದಾಟಿದಷ್ಟಾಯಿತು. ಕಾಫಿ ಅಂಗಡಿಯ ಗೆಳೆಯರು ಟೋಪಿಗಳನ್ನು ತೊಡೆಯ ಮೇಲಿಟ್ಟುಕೊಂಡು ಎರಡನೇ ಸಾಲಿನಲ್ಲೇ ಕೂತಿದ್ದರು.

"ಕ್ಲೈಡ್ ಮಾವ ಒಳ್ಳೆ ಮನುಷ್ಯ," ಎಂದ. ಯಾರೂ ಅಲ್ಲಗಳೆಯಲಿಲ್ಲ. "ತುಂಬ ಒಳ್ಳೆ ಮನುಷ್ಯ." ಆಮೇಲೆ, "ಕುದುರೆ ಸಾಕಿದ್ರು," ಎಂದ. ಅವರ ಕುದುರೆಗಳನ್ನು ಕಾಣದವರು ಪಾದ್ರಿ ಒಬ್ಬರೇ.

ಮೊದಲ ಸಾಲಿನಲ್ಲಿ ಅತ್ತೆ ಮುಂದಕ್ಕೆ ಬಾಗಿ, ಶಾಲೆಯ ನಾಟಕದಲ್ಲಿ ಮಾತು ಮರೆತ ಮಗುವಿಗೆ ತಾಯಿ ತುಟಿಯಾಡಿಸುವ ಹಾಗೆ ತುಟಿಯಾಡಿಸುತ್ತಿದ್ದರು. ಅದೂ ಸಾಲದಾದಾಗ ಬಾಯಿಬಿಟ್ಟೇ ಹೇಳಿದರು. ಆ ಮೌನದಲ್ಲಿ ಅವರ ಪಿಸುಮಾತು ಕೊನೆಯ ಬೆಂಚಿಗೂ ತಲುಪಿತು.

"ಸೇತುವೆ ಮೇಲೆ ಅವ್ರು ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದು ಹೇಳಪ್ಪ. ಅಷ್ಟು ನಕ್ಕಿದ್ದೆಯಲ್ಲ ನೀನು. ಅದನ್ನ ನಾನು ಇಷ್ಟು ವರ್ಷ ಯಾರಿಗೂ ಹೇಳಿರ್ಲಿಲ್ಲ."

ಡೆಲ್ಬರ್ಟ್ ಅಭ್ಯಾಸದಂತೆ ಅತ್ತೆಯ ಮುಖ ನೋಡಿದ. ತುಟಿಯಂಚು ಮೇಲೇರಿರಲಿಲ್ಲ, ಹುಬ್ಬು ಕೂಡಿರಲಿಲ್ಲ. ನಂಬಿಕೊಂಡು ಕಾಯುತ್ತಿದ್ದ ಮುಖ ಅದು. ಸೇತುವೆ ಎಂದಮೇಲೆ ಕೆಳಗೆ ನೀರಿರುತ್ತದೆ, ಯಾರಾದರೂ ಬಿದ್ದಿರಬಹುದು, ಒಂದು ಕಥೆ ಕಟ್ಟಬಹುದಿತ್ತು. ನಾಲಿಗೆಯ ತುದಿಗೂ ಬಂತು.

"ನಂಗೆ ಒಂದು ಮಾತೂ ಕೇಳಿಸ್ಲಿಲ್ಲ ಅತ್ತೆ," ಎಂದ. "ಆ ಟೈರುಗಳು ತುಂಬ ಸದ್ದು ಮಾಡ್ತವೆ."