ಬಲೆಗಾರ ಆರಿಸಿದ ಬಾಡಿಸೂಟ್

"ನೋಡಿ, ನಾನು ನೆಟ್ಟಗೆ ನಿಂತರೆ ನಾಲ್ಕಡಿ ಒಂಬತ್ತಂಗುಲ. ಅಂಗಿ ಚಡ್ಡಿ ಒಂದೇ ಆಗಿರೋ ಈ ಬಲೆಬಟ್ಟೆ ಬಾಡಿಸೂಟನ್ನ ಲಂಗದೊಳಗೆ ಹಾಕ್ಕೋಬೇಕು. ಮೊದಲನೇದರ ಬಲೆಗೆ ಕಣ್ಣು ಇಷ್ಟಿಷ್ಟು ದೊಡ್ಡವು, ಹಾಕ್ಕೊಂಡ್ರೆ ಈರುಳ್ಳಿ ಮೂಟೆ ಥರ ಕಾಣ್ತೀನಿ. ಎರಡನೇದು ಉದ್ದದ ಹೆಂಗಸರಿಗೆ ಮಾಡಿದ್ದು. ಮೇಲೆ ಸರಿಹೋದ್ರೆ ಕೆಳಗೆ ಜೋಲುತ್ತೆ, ಕೆಳಗೆ ಸರಿಹೋದ್ರೆ ಭುಜ ಕಿವಿಗೆ ಬರುತ್ತೆ. ಮೂರನೇದಕ್ಕೆ ಕಣ್ಣು ಸಣ್ಣ, ಕತ್ತು ಮುಂದಕ್ಕೆ ಇಳಿಜಾರು, ಮೇಲಿಂದ ಕೆಳಗೆ ಒಂದೇ ಕಪ್ಪು. ನೋಡೋರ ದೃಷ್ಟಿ ಎಲ್ಲೂ ನಿಲ್ಲದೆ ಸರ್ ಅಂತ ಇಳಿಯುತ್ತೆ, ಅದಕ್ಕೇ ಎತ್ತರ ಕಾಣೋದು ಅಂದ್ಲು ಅಂಗಡಿಯವಳು. ಬೇಡದ್ದು ವಾಪಸ್ ತಗೋತಾರೆ. ಹದಿನಾರು ವರ್ಷದಿಂದ ಹಾಡಿನ ತಂಡದ ಹಿಂದಿನ ಸಾಲಲ್ಲಿ ಹಣ್ಣಿನ ಪೆಟ್ಟಿಗೆ ಮೇಲೆ ನಿಂತು 'ಆ ಆ' ಅಂದಿದ್ದೀನಿ. ನಾಳೆ ಮುಂದೆ ನಿಂತು ಒಬ್ಬಳೇ ಹಾಡಬೇಕು, ಪೆಟ್ಟಿಗೆ ಇಲ್ದೆ. ಬಲೆ ವಿಷಯ ನಿಮಗೆ ಗೊತ್ತು. ಯಾವುದು ಅಂತ ಹೇಳಿ. ಹೇಳಿ, ಆಮೇಲೆ ಸುಮ್ಮನಿರಿ."

ಹೀಗೆಂದು ಹೆಂಡತಿ ಮೂರನ್ನೂ ಮಂಚದ ಮೇಲೆ ಹರಡಿದಳು. ಗಂಡನಿಗೆ ಬಂದರಿನಲ್ಲಿ ಮೀನಿನ ಬಲೆ ರಿಪೇರಿ ಮಾಡುವ ಕೆಲಸ. ಮೂವತ್ತು ವರ್ಷದಿಂದ ಊರೆಲ್ಲ ಅವನನ್ನು ಕರೆಯುವುದು ಬಲೆಗಾರ ಎಂದೇ. ಬಟ್ಟೆಯ ವಿಷಯದಲ್ಲಿ ಅವನ ಅಭಿಪ್ರಾಯವನ್ನು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. (ಅವನ ಬಟ್ಟೆಯ ವಿಷಯದಲ್ಲೂ ಕೇಳಿದ್ದಿಲ್ಲ.) ಆದ್ದರಿಂದ ಕೈ ತೊಳೆದು, ಕನ್ನಡಕ ಏರಿಸಿ, ಒಂದೊಂದು ಕಣ್ಣಿಗೂ ಕಿರುಬೆರಳು ತೂರಿಸಿ ನೋಡಿದ.

"ಮೂರನೇದು," ಎಂದ. "ಮೀನು ಸಣ್ಣದಿದ್ದರೆ ಕಣ್ಣೂ ಸಣ್ಣದಿರಬೇಕು."

"ನನ್ನ ಮನಸ್ಸಲ್ಲೂ ಅದೇ ಇತ್ತು. ಪರವಾಗಿಲ್ಲ, ನಿಮಗೂ ತಿಳಿಯುತ್ತೆ," ಎಂದು ಹೆಂಡತಿ ಉಳಿದೆರಡನ್ನು ಮಡಿಚಿಕೊಂಡು ಅಂಗಡಿಗೆ ಹೊರಟಳು.

ಹೇಳುವುದೇನೋ ಆಯಿತು. ಸುಮ್ಮನಿರುವುದು ಉಳಿದಿತ್ತು, ಅದು ಅವನಿಂದ ಆಗಲಿಲ್ಲ. ಹೊಗಳಿಕೆ ಹೊಟ್ಟೆಗಿಳಿದ ಗಂಡಸಿನ ಕೈ ಸುಮ್ಮನಿರುವುದಿಲ್ಲ. ಬಾಡಿಸೂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಲೆ ಪರೀಕ್ಷಿಸುವ ಶಾಸ್ತ್ರೋಕ್ತ ಕ್ರಮದಂತೆ, ಕತ್ತಿನಿಂದ ಕೆಳಕ್ಕೆ ಎಳೆ ಎಳೆಯಾಗಿ ನೋಡುತ್ತ ಬಂದ. ತಳಕ್ಕೆ ಬಂದವನು ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ. ಎರಡು ಕಾಲಿನ ನಡುವೆ ನಾಲ್ಕು ಬೆರಳಗಲ ಬಲೆಯೇ ಇಲ್ಲ. ಯಾವನೋ ಕೆಲಸಗಳ್ಳ ಹೆಣೆಯದೆ ಬಿಟ್ಟು, ಮೂರು ಲೋಹದ ಕೊಕ್ಕೆ ಸಿಕ್ಕಿಸಿ ಮುಚ್ಚಿಹಾಕಿದ್ದಾನೆ. ಬಲೆಗೆ ಕೊಕ್ಕೆಗಿಂತ ದೊಡ್ಡ ಶತ್ರುವಿಲ್ಲ, ಒಂದು ಸಿಕ್ಕಿಕೊಂಡರೆ ಗಜಗಟ್ಟಲೆ ಹರಿಯುತ್ತದೆ. ಬಲೆಗಾರ ಕೊಕ್ಕೆಗಳನ್ನು ಕಿತ್ತೆಸೆದ. ಕಪ್ಪು ದಾರ ಪೋಣಿಸಿ, ಅಪ್ಪ ಕಲಿಸಿದ ಗಂಟು ಹಾಕುತ್ತ, ತೆರಪಿದ್ದದ್ದೇ ತಿಳಿಯದಂತೆ ಹೆಣೆದುಬಿಟ್ಟ. ಎಳೆದಷ್ಟೂ ಬಿಗಿಯುವ ಗಂಟು ಅದು. ಹೆಂಡತಿಗೆ ಹೇಳಲಿಲ್ಲ. ತಾನಾಗಿ ನೋಡಿ ಮೆಚ್ಚಲಿ ಎಂದು ಕಾದ.

ಮರುದಿನ ಮಧ್ಯಾಹ್ನ ಸಭಾಂಗಣದ ಮೂರನೇ ಸಾಲಿನಲ್ಲಿ ಕೂತಿದ್ದ. ಹೆಂಡತಿಯ ಹಾಡಿಗೆ ಇನ್ನು ಕಾಲು ಗಂಟೆ ಇದ್ದಾಗ, ತಂಡದಲ್ಲಿ ಕೊಳಲು ನುಡಿಸುವ ಅಕ್ಕ ಬಗ್ಗಿಕೊಂಡು ಬಂದು ಅವನ ಕಿವಿಯಲ್ಲಿ ಕೇಳಿದಳು: "ಬಲೆಗಾರರೇ, ಚಾಕು ಇದೆಯಾ?"

"ಜೇಬಲ್ಲೇ ಇರುತ್ತೆ. ಯಾಕೆ?"

"ನಿಮ್ಮ ಮನೆಯವರು ಬಚ್ಚಲಲ್ಲಿದ್ದಾರೆ. ನಿಮ್ಮನ್ನೂ ಚಾಕುವನ್ನೂ ಒಟ್ಟಿಗೆ ತರೋಕೆ ಹೇಳಿದ್ದಾರೆ. ಧ್ವನಿ ಕೇಳಿದ್ರೆ ನಾನಾಗಿದ್ರೆ ಚಾಕು ಮಾತ್ರ ಕಳಿಸ್ತಿದ್ದೆ."

ಬಚ್ಚಲ ಬಾಗಿಲು ಮುಚ್ಚಿತ್ತು. ಒಳಗಿನಿಂದ ಹೆಂಡತಿ ಬಹಳ ಶಾಂತವಾಗಿ ಕೇಳಿದಳು.

"ಕೆಳಗೆ ಏನು ಮಾಡಿದ್ರಿ?"

"ತೂತಿತ್ತು. ಹೆಣೆದೆ."

"ಅದು ತೂತಲ್ಲ. ಬಾಗಿಲು."

"ಬಾಗಿಲೇ?"

"ಗಂಟಲಿಗೆ ಒಳ್ಳೇದು ಅಂತ ಎರಡು ಫ್ಲಾಸ್ಕ್ ಬಿಸಿನೀರು ಕುಡಿದಿದ್ದೀನಿ. ಮೈಕಿನ ತಂತಿ ಬಲೆಯೊಳಗೆ ಪೋಣಿಸಿ ಬೆನ್ನಿಗೆ ಅಂಟಿಸಿದ್ದಾರೆ, ಕತ್ತಿಂದ ತೆಗೆಯೋಕಾಗಲ್ಲ. ಬಾಗಿಲು ಯಾತಕ್ಕೆ ಅಂತ ಈಗ ತಿಳೀತಾ?"

ತಿಳಿಯಿತು. ಅವನು ಬಾಗಿಲಡಿಯಿಂದ ಚಾಕು ತಳ್ಳಿದ.

"ಎಷ್ಟು ಗಂಟಿದೆ?"

"ಇಪ್ಪತ್ತೆರಡು."

ಒಳಗೆ ಚಾಕುವಿನ ಅಲಗು ತೆರೆದ ಸದ್ದಾಯಿತು.

"ನಮ್ಮ ಅಡುಗೆಮನೆ ಚಿಲಕ ಸಡಿಲಾಗಿ ಆರು ತಿಂಗಳಾಯ್ತು."

"ಅದು ಬಲೆ ಅಲ್ವಲ್ಲ," ಎಂದ ಬಲೆಗಾರ. ಹೇಳಬಾರದಿತ್ತು. "ಗಂಟು ಕುಯ್ಯೋಕೆ ಹೋಗ್ಬೇಡ, ಜಾರುತ್ತೆ. ಪಕ್ಕದ ಎಳೆ ಕುಯ್ಯಿ."

ಮೂವತ್ತು ವರ್ಷದಲ್ಲಿ ತಾನು ಹಾಕಿದ ಗಂಟನ್ನು ಹೇಗೆ ಹಾಳುಮಾಡಬೇಕೆಂದು ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕೊಳಲಿನ ಅಕ್ಕ ಗೋಡೆಯತ್ತ ತಿರುಗಿ ನಿಂತು ಕೆಮ್ಮುತ್ತಿದ್ದಳು.

ಹೆಂಡತಿ ಸಮಯಕ್ಕೆ ಸರಿಯಾಗಿ ವೇದಿಕೆಗೆ ಬಂದಳು. ಆದರೆ ಈಗ ಕೆಳಗೆ ಹಿಡಿದುಕೊಳ್ಳಲು ಕೊಕ್ಕೆಯೂ ಇಲ್ಲ, ಗಂಟೂ ಇಲ್ಲ. ಕೈ ಎತ್ತಿದರೆ ಬಾಡಿಸೂಟು ಲಂಗದಿಂದ ಕಿತ್ತುಕೊಂಡು ಮೇಲೇರುತ್ತಿತ್ತು. ಅವಳು ಒಂದು ಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಕತ್ತು ನಿಗುರಿಸಿ, ಬಿಗಿದ ಬಿಲ್ಲಿನಂತೆ ನಿಂತು ಹಾಡಿದಳು. ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. "ಆ ನಿಲುವು ನೋಡಿ, ಎಂಥ ಎತ್ತರದ ಹೆಂಗಸು," ಎಂದ ಪಕ್ಕದ ಕುರ್ಚಿಯವನು. ತಂಡದ ಯಜಮಾನ ಇನ್ನುಳಿದ ಹನ್ನೊಂದು ಆಟಕ್ಕೂ ಆ ಸೊಂಟದ ಕೈ ಕದಲಕೂಡದು ಎಂದು ಅಪ್ಪಣೆ ಮಾಡಿದ.

ಮನೆಗೆ ಬಂದ ಮೇಲೆ ಬಲೆಗಾರ ಮೆಲ್ಲಗೆ ಬಾಯಿ ಬಿಟ್ಟ. "ಒಂದು ಲೆಕ್ಕದಲ್ಲಿ ನೋಡಿದರೆ, ನಾನು ಹೆಣೆದದ್ದರಿಂದಲೇ..."

"ಹನ್ನೊಂದು ದಿನ ನನಗಿರೋದು ಒಂದೇ ಕೈ," ಎಂದಳು ಹೆಂಡತಿ, ಕಾಲು ಚಾಚಿ ಕೂರುತ್ತ. "ಅದಕ್ಕೂ ವಿಶ್ರಾಂತಿ ಬೇಕು ಅಂದಿದ್ದಾರೆ ತಂಡದ ಯಜಮಾನರು."

ಯಜಮಾನರು ಹಾಗೆ ಅಂದದ್ದನ್ನು ಅವನು ಕೇಳಿರಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಅಂಗಿಯ ತೋಳು ಮಡಿಚಿ, ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದ. ಪಾತ್ರೆ ಉಜ್ಜುವ ಜಾಲರಿಯಲ್ಲಿ ಒಂದು ಕಡೆ ಅಂಗೈಯಗಲ ಹರಿದಿತ್ತು. ಅದನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ, ಹಾಗೇ ಸೋಪು ಹಚ್ಚಿ ಬಾಣಲೆ ತಿಕ್ಕತೊಡಗಿದ.