ಹದಿನೆಂಟು ನಿಮಿಷದ ಏರು

“ಬೇಜಾರು ಮಾಡ್ಕೋಬೇಡಿ ಸರ್, ಸೋಮವಾರದಿಂದ ನಾವಿಬ್ಬರೂ ನಮ್ಮ ಆಫೀಸಿನ ಆ ಹೊಸಬರ ಕಾರಲ್ಲೇ ಬರ್ತೀವಿ” ಎಂದರು ಹಿಂದಿನ ಸೀಟಿನಿಂದ ಟಪಾಲು ಮೇಡಂ.

ಗುಡ್ಡದ ಏರಿನ ಮೂರನೇ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸುತ್ತಿದ್ದ ತಕ್ಕಡಿ ಸರ್ ಅವರ ಕೈ ಹಾಗೇ ನಿಂತಿತು. ಆಸ್ಪತ್ರೆಯ ಬಟ್ಟೆ ಹೊತ್ತು ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತುವ ಲಾಂಡ್ರಿ ವ್ಯಾನು ಎಂದಿನಂತೆ ಅದೇ ತಿರುವಿನಲ್ಲಿ ಎರಡು ಸಲ ಹಾರನ್ ಹೊಡೆದು, ಎಂದಿನಂತೆ ಅವರನ್ನು ಹಿಂದೆ ಹಾಕಿ ಹೋಯಿತು.

ಗುಡ್ಡದ ತುದಿಯಲ್ಲಿರುವ ತೂಕ ಮತ್ತು ಅಳತೆ ಕಚೇರಿಯಲ್ಲಿ ಅವರು ಇನ್ಸ್‌ಪೆಕ್ಟರು. ಮೂವತ್ತು ವರ್ಷದಿಂದ ಪೇಟೆಯ ತಕ್ಕಡಿಗಳಿಗೆ ಅವರೇ ಮುದ್ರೆ. ನೂರು ಗ್ರಾಂ ತೂಕದ ಬಟ್ಟಿನಲ್ಲಿ ಎರಡು ಗ್ರಾಂ ಕಮ್ಮಿಯಿದ್ದರೆ ಅಂಗೈ ಮೇಲಿಟ್ಟುಕೊಂಡೇ ಹೇಳಿಬಿಡುತ್ತಿದ್ದರು. ನನ್ನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ ಎನ್ನುವುದು ಅವರ ಮಾತು. ಅವರ ನಿಜವಾದ ಹೆಸರನ್ನು ಕಚೇರಿ ಮರೆತು ಎಷ್ಟೋ ಕಾಲವಾಗಿತ್ತು.

ಮೇಡಂ ಮಾತಿನಲ್ಲಿ ತಪ್ಪಿರಲಿಲ್ಲ. ಕಚೇರಿಗೆ ಹೊಸದಾಗಿ ಹೆಬ್ಬೆರಳು ಒತ್ತುವ ಹಾಜರಿ ಯಂತ್ರ ಬಂದಿತ್ತು. ಒಂಬತ್ತು ಗಂಟೆ ದಾಟಿದರೆ ಕೆಂಪು ಗುರುತು. ಆ ತಿಂಗಳು ಮೇಡಂಗೆ ಹನ್ನೊಂದು ಕೆಂಪು, ಮುಂದಿನ ಸೀಟು ತುಂಬಿಕೊಂಡು ಕೂರುವ ಗುಮಾಸ್ತರಿಗೆ ಹದಿನಾಲ್ಕು. ತಮ್ಮ ತೂಕವೂ ಒಂದು ಕಾರಣವಿರಬಹುದು, ಆದರೆ ಹದಿನಾಲ್ಕನ್ನೂ ತೂಕದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ ಎಂದು ಗುಮಾಸ್ತರು ತಮ್ಮ ಅಹವಾಲು ಮಂಡಿಸಿದರು.

ಹದಿನೆಂಟು ವರ್ಷ ಹಳೆಯ, ಬೂದು ಬಣ್ಣದ, ಟರ್ಬೊ ಎಂಜಿನ್ನಿನ ಕಾರು ಅದು. ಮೊದಮೊದಲು ಈ ಏರನ್ನು ಅಟ್ಟಿಸಿಕೊಂಡು ಬಂದ ಮೇಕೆಯ ಹಾಗೆ ಒಂಬತ್ತೇ ನಿಮಿಷಕ್ಕೆ ಹತ್ತುತ್ತಿತ್ತು. ಆರು ವರ್ಷದ ಕೆಳಗೆ ಇದ್ದಕ್ಕಿದ್ದಂತೆ ಮಂಡಿನೋವಿನವರು ಮೆಟ್ಟಿಲು ಹತ್ತುವ ಹಾಗಾಯಿತು. ಏರಿಗೆ ಹದಿನೆಂಟು ನಿಮಿಷ. ತೋರಿಸಿದ ಮೆಕ್ಯಾನಿಕ್ಕುಗಳೆಲ್ಲ ವಯಸ್ಸಾಯಿತು ಎಂದರು. ಆಗ ಪಕ್ಕದ ಸೀಟಿನಲ್ಲಿರುತ್ತಿದ್ದ ಹೆಂಡತಿಯೂ, “ಆಫೀಸೇನು ಓಡಿಹೋಗುತ್ತಾ? ನಿಧಾನಕ್ಕೇ ಹೋಗೋಣ ಬಿಡಿ” ಎಂದಿದ್ದಳು. ಕಚೇರಿಯ ಪಕ್ಕದ ಶಾಲೆಯ ಗ್ರಂಥಾಲಯದಲ್ಲಿ ಅವಳ ಕೆಲಸ.

ಅವಳು ಹೋಗಿ ಎರಡು ವರ್ಷ. ಈಗ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ, ಅದೂ ಮೂರೇ ಸೀಟಿ. ತಿಥಿ ಮುಗಿದ ವಾರ ಟಪಾಲು ಮೇಡಂ ಮತ್ತು ಗುಮಾಸ್ತರು ತಾವಾಗಿಯೇ ಬಂದು ಕಾರು ಹತ್ತಿದ್ದರು. ಹೋಗುವಾಗ ಹದಿನೆಂಟು ನಿಮಿಷ, ಇಳಿಯುವಾಗ ಹನ್ನೆರಡು. ದಿನಕ್ಕೆ ಅರ್ಧ ಗಂಟೆ ಮನುಷ್ಯರ ದನಿ. ಸೋಮವಾರದಿಂದ ಅದೂ ಇಲ್ಲ.

ನಾಲ್ಕನೇ ತಿರುವಿನಲ್ಲಿ ತಕ್ಕಡಿ ಸರ್ ಕಾರನ್ನು ಪೂರ್ತಿ ತಿರುಗಿಸಿಬಿಟ್ಟರು.

“ಸರ್,” ಎಂದರು ಗುಮಾಸ್ತರು ಮೆಲ್ಲಗೆ, “ಆಫೀಸು ಮೇಲಿದೆ.”

“ಗೊತ್ತು. ಇವತ್ತೇ ಇದನ್ನ ಸರಿ ಮಾಡಿಸ್ತೀನಿ. ನೀವಿಬ್ಬರೂ ಸಾಕ್ಷಿ.”

ಗ್ಯಾರೇಜಿನ ಯಜಮಾನಿ ಮೂವತ್ತರ ಆಸುಪಾಸಿನ ಹೆಂಗಸು. ಕಾರಿನ ಕಾಯಿಲೆಯನ್ನು ಲ್ಯಾಪ್‌ಟಾಪಿನಲ್ಲಿ ಓದುವವಳಾದ್ದರಿಂದ ಎಲ್ಲರ ಬಾಯಲ್ಲೂ ಲ್ಯಾಪ್‌ಟಾಪ್ ಮೇಸ್ತ್ರಿ. ಎಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಪೆಟ್ರೋಲು ಎಂದು ಅಪ್ಪಣೆ ಕೊಡುವ ಪುಟ್ಟ ಪೆಟ್ಟಿಗೆಯೊಂದು ಕಾರಿನೊಳಗಿರುತ್ತದೆ, ಅದರೊಳಗಿನ ಲೆಕ್ಕ ಬದಲಾಯಿಸಿದರೆ ಬಲ ಹೆಚ್ಚುತ್ತದೆ ಎಂದು ಅವಳು ವಿವರಿಸಿದಳು. ಹಾಗಾದರೆ ಎರಡರಷ್ಟು ಆಗುತ್ತದೆಯೇ ಎಂದು ಗುಮಾಸ್ತರು ಕೇಳಿದರು. ಅವರ ಭಾವಮೈದುನನ ಗೆಳೆಯನದು ಹಾಗೇ ಆಗಿತ್ತಂತೆ.

“ನೂರೈವತ್ತು ಕುದುರೆ ಶಕ್ತಿಯ ಎಂಜಿನ್ ಇದು, ಅದೂ ಹೊಸದರಲ್ಲಿ” ಎಂದಳು ಮೇಸ್ತ್ರಿ. “ಟರ್ಬೊ ಇರೋದಕ್ಕೆ ನೂರಕ್ಕೆ ಹದಿನೈದು ಜಾಸ್ತಿ ಮಾಡಬಹುದು. ಅದಕ್ಕಿಂತ ಜಾಸ್ತಿ ಕೊಡ್ತೀನಿ ಅಂದವರು ನಿಮ್ಮ ಕ್ಲಚ್ ಸುಡೋಕೆ ಕಾಯ್ತಿದಾರೆ ಅಂತ ತಿಳ್ಕೊಳ್ಳಿ. ಮೊದಲು ಈಗ ಎಷ್ಟಿದೆ ಅಳೆಯೋಣ.”

ಅಳೆಯೋಣ ಎಂಬ ಮಾತು ಕೇಳಿದ್ದೇ ತಕ್ಕಡಿ ಸರ್‌ಗೆ ಅವಳ ಮೇಲೆ ಗೌರವ ಹುಟ್ಟಿತು.

ಕಾರನ್ನು ಬಲ ಅಳೆಯುವ ಯಂತ್ರದ ಉರುಳೆಗಳ ಮೇಲೆ ನಿಲ್ಲಿಸಿ, ಬೆಲ್ಟುಗಳಿಂದ ಬಿಗಿದು, ಚಕ್ರ ತಿರುಗಿಸಿದರು. ಗ್ಯಾರೇಜು ನಡುಗುವಷ್ಟು ಸದ್ದು, ಕಾರು ಮಾತ್ರ ಇದ್ದಲ್ಲೇ. ನಮ್ಮ ಕಚೇರಿಯ ಕೆಲಸವೂ ಹೀಗೇ ಎಂದರು ಮೇಡಂ. ಅದೇ ಹೊತ್ತಿಗೆ ಕಚೇರಿಯಿಂದ ಸಾಹೇಬರ ಫೋನು ಬಂತು. ಗುಮಾಸ್ತರು ಗಾಬರಿಯಾಗಿ, ತಕ್ಕಡಿ ಸರ್‌ಗೆ ಎದೆನೋವು, ಯಂತ್ರದ ಮೇಲೆ ಹಾಕಿದ್ದಾರೆ, ಈ ಸದ್ದು ಅದರದೇ ಎಂದುಬಿಟ್ಟರು. ಮುಂದಿನ ಕಾಲು ಗಂಟೆಯಲ್ಲಿ ಒಂಬತ್ತು ಫೋನು. ಒಬ್ಬರು ಡಾಕ್ಟರ ಹೆಸರು ಹೇಳಿದರೆ, ಇನ್ನೊಬ್ಬರು ಆ ಡಾಕ್ಟರ ಕೈಗೆ ಮಾತ್ರ ಸಿಗಬೇಡಿ ಎಂದರು. ರೆಕಾರ್ಡ್ ರೂಮಿನವನೊಬ್ಬ ತಕ್ಕಡಿ ಸರ್ ಅವರ ಕಿಟಕಿ ಪಕ್ಕದ ಮೇಜು ಖಾಲಿಯಾಗುತ್ತದೆಯೇ ಎಂದು ಸುತ್ತಿ ಬಳಸಿ ವಿಚಾರಿಸಿದ.

ಪರದೆಯ ಮೇಲೆ ತೊಂಬತ್ತೆರಡು ಎಂದು ಬಂತು.

ಮೇಸ್ತ್ರಿ ಮತ್ತೆ ಓಡಿಸಿದಳು. ಮತ್ತೆ ತೊಂಬತ್ತೆರಡೇ. ವಯಸ್ಸಿನ ಲೆಕ್ಕಕ್ಕೆ ಹದಿನೈದು ಕುದುರೆ ಬಿಟ್ಟರೂ ಮಿಕ್ಕ ನಲವತ್ತಮೂರು ಎಲ್ಲಿ ಹೋದವು ಎಂದು ಅವಳು ಕೊಳವೆ, ಫಿಲ್ಟರು, ಟರ್ಬೊ ಎಲ್ಲ ತಡಕಿದಳು. ಎಲ್ಲವೂ ಗಟ್ಟಿಯಾಗಿದ್ದವು. ಕೊನೆಗೆ ಆ ಪುಟ್ಟ ಪೆಟ್ಟಿಗೆಯನ್ನು ಬಿಚ್ಚಿ ತಂದು ಮೇಜಿನ ಮೇಲಿಟ್ಟಳು. ಅದರ ಒಂದು ಸ್ಕ್ರೂ ತಲೆಯ ಮೇಲೆ ಈರುಳ್ಳಿ ಬಣ್ಣದ ಒಂದು ಬೊಟ್ಟು.

“ಇದನ್ನ ಯಾರೋ ಮೊದಲೇ ಬಿಚ್ಚಿದಾರೆ. ಒಳಗಿನ ಲೆಕ್ಕ ಕಡಿಮೆ ಮಾಡಿರಬೇಕು.”

“ಸಾಧ್ಯವೇ ಇಲ್ಲ” ಎಂದರು ತಕ್ಕಡಿ ಸರ್. “ನನಗೆ ಗೊತ್ತಿಲ್ಲದೆ ನನ್ನ ಕಾರಿನ ಒಂದು ಬೋಲ್ಟೂ ಅಲ್ಲಾಡಿಲ್ಲ.”

ಯಾರು ಮಾಡಿದರೇನು, ಮೊದಲು ಕಂಪನಿಯ ಮೂಲ ಲೆಕ್ಕ ತುಂಬಿ, ಅದರ ಮೇಲೆ ಹದವಾಗಿ ಹೆಚ್ಚಿಸುತ್ತೇನೆ ಎಂದಳು ಮೇಸ್ತ್ರಿ. ಇದು ಹಳೇ ಕಾಲದ ಪೆಟ್ಟಿಗೆ, ಒಳಗಿರುವುದನ್ನು ಓದಿ ಇಟ್ಟುಕೊಳ್ಳಲು ಬರುವುದಿಲ್ಲ, ಅಳಿಸಿ ಹೊಸದು ಬರೆಯಬಹುದಷ್ಟೆ, ಆಗಬಹುದೇ ಎಂದೂ ಕೇಳಿದಳು. ಆ ಕಳ್ಳಲೆಕ್ಕ ಇಟ್ಟುಕೊಂಡು ಏನು ಮಾಡಲಿ, ಮೊದಲು ಅಳಿಸಿ ಎಂದರು ತಕ್ಕಡಿ ಸರ್. ಪೇಟೆಯಲ್ಲಿ ಸುಳ್ಳು ಬಟ್ಟು ಸಿಕ್ಕಾಗ ಬರುತ್ತಿದ್ದ ಆವೇಶವೇ ಅವರ ದನಿಯಲ್ಲಿತ್ತು.

ಮೂಲ ಲೆಕ್ಕ ತುಂಬಿದ ಮೇಲೆ ನೂರ ಮೂವತ್ತೈದು. ಹದ ಮಾಡಿದ ಮೇಲೆ ನೂರ ಐವತ್ತೈದು. ಮೇಡಂ ಚಪ್ಪಾಳೆ ತಟ್ಟಿದರು. ಮುನ್ನೂರು ನಿರೀಕ್ಷಿಸಿದ್ದ ಗುಮಾಸ್ತರೂ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು. ಸೋಮವಾರದ ಮಾತು ವಾಪಸ್ಸು, ಹೊಸಬರಿಗೆ ಈಗಲೇ ಬೇಡ ಎಂದು ಹೇಳಿಬಿಡುತ್ತೇನೆ ಎಂದರು ಮೇಡಂ. ತಕ್ಕಡಿ ಸರ್ ಎರಡು ವರ್ಷದಲ್ಲಿ ಮೊದಲ ಸಲ ಹಲ್ಲು ಕಾಣುವಂತೆ ನಕ್ಕರು.

ಮೇಸ್ತ್ರಿಯನ್ನು ಮಾತ್ರ ಆ ಬೊಟ್ಟು ಬಿಡಲೊಲ್ಲದು. ಬಿಚ್ಚಿದ ಸ್ಕ್ರೂಗೆ ಬಣ್ಣದ ಗುರುತು ಹಾಕುವುದು ಅವಳ ಗುರುಗಳ ಅಭ್ಯಾಸವಂತೆ, ಆದರೆ ಅವರದು ಯಾವಾಗಲೂ ಬಿಳಿ. ತಮ್ಮ ಗ್ಯಾರೇಜು ಮುಚ್ಚಿ ಮಗಳ ಮನೆ ಸೇರಿದ್ದ ಗುರುಗಳಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

“ಆ ಬೂದು ಕಾರಾ? ತೂಕದ ಆಫೀಸಿನವರದು? ಅದನ್ನ ಹೆಂಗಮ್ಮ ಮರೀಲಿ” ಎಂದಿತು ಮುದಿ ದನಿ. “ಬಲ ಜಾಸ್ತಿ ಮಾಡಿ ಅಂತ ಸಾವಿರ ಜನ ಬಂದಿದಾರೆ. ಕಮ್ಮಿ ಮಾಡಿ ಅಂತ ಬಂದದ್ದು ಅವರ ಹೆಂಡತಿ ಒಬ್ಬರೇ. ಯಜಮಾನ್ರು ಪರವೂರಿಗೆ ತಪಾಸಣೆಗೆ ಹೋಗಿದ್ರಂತೆ, ಈಯಮ್ಮ ತಾವೇ ಓಡಿಸ್ಕೊಂಡು ಬಂದಿದ್ರು. ಸ್ಪೀಡಿಗೆ ಭಯವಾ ತಾಯಿ ಅಂದೆ. ಭಯ ಅಲ್ಲಣ್ಣ, ಅಂದ್ರು. ಮನೇಲಿ ನಮ್ಮೋರ ಬಾಯಿಂದ ಮಾತೇ ಹೊರಡಲ್ಲ, ಸ್ಟೇರಿಂಗ್ ಹಿಡಿದ್ರೆ ಮಾತ್ರ ಹೊರಡುತ್ತೆ. ಏನೋ ಹೇಳೋಕೆ ಶುರು ಮಾಡ್ತಾರೆ, ಅಷ್ಟರಲ್ಲಿ ಆಫೀಸು ಬಂದ್ಬಿಡುತ್ತೆ. ಆ ಏರು ಒಂದಿಷ್ಟು ಉದ್ದ ಮಾಡಿಕೊಡಿ, ಅಂದ್ರು.”

ಹಾಗಾದರೆ ಬೊಟ್ಟು ಬಿಳಿ ಯಾಕಿಲ್ಲ ಎಂದು ಮೇಸ್ತ್ರಿ ಕೇಳಿದಳು.

“ನನ್ನ ಬಣ್ಣದ ಡಬ್ಬಿ ಒಣಗಿತ್ತು. ಅವರೇ ಬ್ಯಾಗಿಂದ ಉಗುರುಬಣ್ಣ ತೆಗೆದುಕೊಟ್ರು. ಚೆನ್ನಾಗಿದಾರಾ ಆಯಮ್ಮ?”

ತಕ್ಕಡಿ ಸರ್ ಫೋನಿನ ಕಡೆಗೆ ಬಗ್ಗಿದರು. “ಇದ್ದಷ್ಟು ದಿನ ಚೆನ್ನಾಗಿದ್ದಳು” ಎಂದರು.

ಅಷ್ಟರಲ್ಲಿ ಗುಮಾಸ್ತರ ಫೋನು ಬಡಿದುಕೊಂಡಿತು. ಸಾಹೇಬರೇ. ತಕ್ಕಡಿ ಸರ್ ಅವರ ಎದೆ ಈಗ ಹೇಗಿದೆ ಎಂದು ಕೇಳಿದರು. ಗುಮಾಸ್ತರು ಮೇಜಿನ ಮುಂದೆ ನಿಂತಿದ್ದವರನ್ನು ಒಮ್ಮೆ ನೋಡಿ, ಸ್ವಲ್ಪ ನೋವಿದೆ ಎಂದರು. ಬೆಳಗಿನಿಂದ ಅವರು ಹೇಳಿದ ಮೊದಲ ನಿಜ ಅದು.

ಹಳೆಯ ಲೆಕ್ಕ ಗುರುಗಳ ಬಳಿಯೂ ಉಳಿದಿರಲಿಲ್ಲ. ಬೇಕಿದ್ದರೆ ಹಾಗೇ ನಿಧಾನ ಮಾಡಿ ಇನ್ನೊಂದು ಬರೆದುಕೊಡುತ್ತೇನೆ ಎಂದು ಮೇಸ್ತ್ರಿ ತಾನಾಗಿಯೇ ಹೇಳಿದಳು. ತಕ್ಕಡಿ ಸರ್ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟರು.

“ಬೇಡಮ್ಮ. ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಅಳತೆ ಇಟ್ಟುಕೊಳ್ಳೋಕೆ ನನ್ನ ಕೈಲಾಗಲ್ಲ. ಆ ಸ್ಕ್ರೂ ಮಾತ್ರ ಒರೆಸಬೇಡಿ.”

ಮಧ್ಯಾಹ್ನ ಮೂವರೂ ಏರಿನ ಬುಡಕ್ಕೆ ಬಂದಾಗ ಗುಮಾಸ್ತರು ಗಡಿಯಾರ ನೋಡಿಕೊಂಡು, ಕೈಗೆ ಸಿಕ್ಕ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಒಂಬತ್ತು ನಿಮಿಷದಲ್ಲಿ ಮೇಲಿರಬೇಕು. ಕಾರು ಬಿಗಿದ ಹಗ್ಗದ ಹಾಗೆ ಕಾಯುತ್ತಿತ್ತು, ಬೆರಳು ತಾಗಿದರೆ ಸಾಕು ಎನ್ನುವಂತೆ. ತಕ್ಕಡಿ ಸರ್ ಎರಡನೇ ಗೇರು ಹಾಕಿದರು. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಗೇರು ಬದಲಾಗಲಿಲ್ಲ.

“ಇನ್ನೂ ಸ್ವಲ್ಪ ಒತ್ತಿ ಸರ್” ಎಂದರು ಗುಮಾಸ್ತರು. “ನೂರ ಐವತ್ತೈದು ಇದೆ.”

“ಇದೆ” ಎಂದರು ತಕ್ಕಡಿ ಸರ್. ಕಾಲು ಇದ್ದಲ್ಲೇ ಇತ್ತು.

ಹಿಂದಿನ ಸೀಟಿನಲ್ಲಿ ಮೇಡಂ ಸೆರಗಿನಿಂದ ಮೂಗು ಒರೆಸಿಕೊಂಡರು. ಆದರೆ ಹಾಜರಿ ಯಂತ್ರಕ್ಕೆ ಮೂಗೂ ಇಲ್ಲ, ಸೆರಗೂ ಇಲ್ಲ.

“ಸರ್, ಹೀಗೇ ಆದ್ರೆ ಸೋಮವಾರ...”

“ಗೊತ್ತು ಮೇಡಂ. ಹೊಸಬರ ಕಾರಲ್ಲೇ ಬನ್ನಿ. ನಾನು ಹಿಂದೆ ನಿಧಾನಕ್ಕೆ ಬರ್ತೀನಿ.” ಕನ್ನಡಿಯಲ್ಲಿ ಮೇಡಂ ಮುಖ ನೋಡಿದರು. “ಬೆಳಿಗ್ಗೆ ನಿಮ್ಮ ತಂಗಿ ಮನೆ ವಿಷಯ ಅರ್ಧಕ್ಕೇ ನಿಲ್ಸಿದ್ರಿ. ಪೂರ್ತಿ ಮಾಡಿ, ಇನ್ನೂ ಹನ್ನೆರಡು ನಿಮಿಷ ಇದೆ.”

ಮೇಡಂ ಬಿಟ್ಟಲ್ಲಿಂದ ಶುರು ಮಾಡಿದರು. ಮೂರನೇ ತಿರುವಿನಲ್ಲಿ ಹಿಂದಿನಿಂದ ಎರಡು ಸಲ ಹಾರನ್ ಕೇಳಿಸಿತು. ತಕ್ಕಡಿ ಸರ್ ಕಾರನ್ನು ಬದಿಗೆ ಸರಿಸಿ, ಲಾಂಡ್ರಿ ವ್ಯಾನಿಗೆ ದಾರಿ ಬಿಟ್ಟರು.